ಡಾಸ್ ಕಂಪ್ಯೂಟರಿನಲ್ಲಿ ಪೆನ್ ಡ್ರೈವ್ ಬಳಸುವುದು ಹೇಗೆ?

ಕಾರ್ಖಾನೆಯ ಕೊರೆಯುವ ಯಂತ್ರ, ಪ್ರಯೋಗಾಲಯದ ಅಳತೆಯ ಉಪಕರಣ, ವರ್ಷಗಟ್ಟಲೆ ಲೆಕ್ಕಪತ್ರ ತುಂಬಿಕೊಂಡಿರುವ ಹಳೆಯ ತಂತ್ರಾಂಶ ಮುಂತಾದ ಕಡೆಗಳಲ್ಲಿ ಡಾಸ್ (ಕಮಾಂಡ್‌ಗಳನ್ನು ಟೈಪ್ ಮಾಡಿ ನಡೆಸುವ ಹಳೆಯ ಕಾರ್ಯಾಚರಣಾ ವ್ಯವಸ್ಥೆ) ಇಂದಿಗೂ ದುಡಿಯುತ್ತಿದೆ. ಯಂತ್ರ ಗಟ್ಟಿಮುಟ್ಟಾಗಿರುತ್ತದೆ, ಪ್ರೋಗ್ರಾಂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಆದರೆ ಫ್ಲಾಪಿ ಡ್ರೈವ್ ಕೈಕೊಟ್ಟ ದಿನ ಒಳಗಿನ ಕಡತಗಳನ್ನು ಹೊರತರುವ ದಾರಿಯೇ ಮುಚ್ಚಿಹೋಗುತ್ತದೆ. ಆ ಕಂಪ್ಯೂಟರಿನಲ್ಲಿ ಯುಎಸ್‌ಬಿ ಪೋರ್ಟ್ ಇದ್ದರೆ ದಾರಿಯೂ ಇದೆ. ಅದಕ್ಕಾಗಿ ಯಂತ್ರವನ್ನಾಗಲಿ ತಂತ್ರಾಂಶವನ್ನಾಗಲಿ ಬದಲಿಸಬೇಕಿಲ್ಲ.

ಮೊದಲು ತೊಡಕಿನ ಮೂಲವನ್ನು ತಿಳಿದುಕೊಳ್ಳಬೇಕು. ಎಂಎಸ್-ಡಾಸ್ 6.22 ಬಿಡುಗಡೆಯಾದದ್ದು 1994ರಲ್ಲಿ. ಯುಎಸ್‌ಬಿಯ ಮೊದಲ ಮಾನದಂಡ ಹೊರಬಂದದ್ದು 1996ರಲ್ಲಿ. ಹೀಗಾಗಿ ಡಾಸ್‌ಗೆ ಯುಎಸ್‌ಬಿ ಎಂಬುದರ ಅರಿವೇ ಇಲ್ಲ. ಪೆನ್ ಡ್ರೈವನ್ನು ಅದಕ್ಕೆ ಪರಿಚಯಿಸಬಲ್ಲವರು ಇಬ್ಬರು: ಮದರ್‌ಬೋರ್ಡಿನ ಬಯೋಸ್ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ), ಇಲ್ಲವೇ ನಾವು ಕೈಯಾರೆ ಸೇರಿಸುವ ಡ್ರೈವರ್ (ಸಾಧನವನ್ನು ನಡೆಸುವ ಚಿಕ್ಕ ತಂತ್ರಾಂಶ). ಈ ಕೆಲಸವನ್ನು ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಒಪ್ಪಿಸಬೇಕು. ಬಯೋಸ್ ಹಿಡಿದುಕೊಂಡಿರುವ ಪೆನ್ ಡ್ರೈವಿಗೆ ಡ್ರೈವರ್ ಕೂಡ ಕೈಹಾಕಿದರೆ ಕಂಪ್ಯೂಟರ್ ನಿಂತಲ್ಲೇ ನಿಲ್ಲಬಹುದು, ಕಡತ ಕೆಡಲೂಬಹುದು. ಹಾಗಾಗಿ ಯಾವ ಡ್ರೈವರ್ ಬೇಕೆಂದು ಡಾಸ್‌ಗೆ ಬೂಟ್ ಆಗುವಾಗ ತಿಳಿಸುವ ಕಾನ್ಫಿಗ್.ಸಿಸ್ ಕಡತವನ್ನು ತೆರೆಯುವ ಮೊದಲೇ ಯಾರಿಗೆ ಒಪ್ಪಿಸುವುದೆಂದು ತೀರ್ಮಾನಿಸಿಕೊಳ್ಳಿ.

ಒಂದು ಸೂಚನೆ: ಈ ಲೇಖನದಲ್ಲಿ ಕಮಾಂಡ್‌ಗಳನ್ನೂ ಕಡತಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಟೈಪ್ ಮಾಡುವಾಗ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಪೆನ್ ಡ್ರೈವನ್ನು ಸಿದ್ಧಗೊಳಿಸುವುದು

ಎಷ್ಟೋ ಸಲ ಡ್ರೈವರ್ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ, ತಪ್ಪು ಇರುವುದು ಪೆನ್ ಡ್ರೈವಿನ ಫಾರ್ಮ್ಯಾಟಿನಲ್ಲಿ. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿ. ಅವುಗಳಲ್ಲಿ ಡಾಸ್ ಓದಬಲ್ಲದ್ದು ಫ್ಯಾಟ್ ಮಾದರಿಯನ್ನು ಮಾತ್ರ. ಎನ್‌ಟಿಎಫ್‌ಎಸ್ ಮತ್ತು ಎಕ್ಸ್‌ಫ್ಯಾಟ್ ಅದಕ್ಕೆ ಅರ್ಥವಾಗುವುದಿಲ್ಲ. ಫ್ಯಾಟ್ ಬಳಗದಲ್ಲೂ ವ್ಯತ್ಯಾಸವಿದೆ. ಎಂಎಸ್-ಡಾಸ್ 6.22 ಫ್ಯಾಟ್16ಕ್ಕೆ ಸೀಮಿತ, ಅದರಲ್ಲೂ ಒಂದು ಪಾರ್ಟಿಶನ್ (ಡಿಸ್ಕಿನ ಒಂದು ವಿಭಾಗ) 2 ಗಿಗಾಬೈಟ್ ಮೀರುವಂತಿಲ್ಲ. ವಿಂಡೋಸ್ 98ರ ಜೊತೆ ಬರುವ ಡಾಸ್ 7.1 ಮತ್ತು ಮುಕ್ತ ತಂತ್ರಾಂಶವಾದ ಫ್ರೀಡಾಸ್ ಫ್ಯಾಟ್32ನ್ನೂ ಓದುತ್ತವೆ. ನಿಮ್ಮಲ್ಲಿರುವುದು ಯಾವುದೆಂದು ‘ವರ್’ ಎಂಬ ಕಮಾಂಡ್ ತಿಳಿಸುತ್ತದೆ.

ಯಾವ ಡಾಸ್ ಇದ್ದರೂ ನನ್ನ ಸಲಹೆ ಒಂದೇ: 2 ಗಿಗಾಬೈಟಿಗಿಂತ ತುಸು ಕಡಿಮೆ ಗಾತ್ರದ ಒಂದೇ ಒಂದು ಫ್ಯಾಟ್16 ಪಾರ್ಟಿಶನ್ ಮಾಡಿಕೊಳ್ಳಿ. ಪೆನ್ ಡ್ರೈವ್ 16 ಗಿಗಾಬೈಟಿನದಾಗಿದ್ದು ಉಳಿದ ಜಾಗ ಖಾಲಿ ಬಿದ್ದರೂ ಚಿಂತೆಯಿಲ್ಲ. ಡಾಸ್ ಕಾಲದ ಕಡತಗಳಿಗೆ ಇಷ್ಟು ಜಾಗ ಧಾರಾಳವಾಯಿತು. ಇದನ್ನು ಈಗಿನ ವಿಂಡೋಸ್ ಕಂಪ್ಯೂಟರಿನಲ್ಲೇ ಮಾಡಬಹುದು. ಕಮಾಂಡ್ ಪ್ರಾಂಪ್ಟನ್ನು ನಿರ್ವಾಹಕರ ಅಧಿಕಾರದೊಂದಿಗೆ ತೆರೆದು ‘ಡಿಸ್ಕ್‌ಪಾರ್ಟ್’ ಎಂದು ಬರೆಯಿರಿ. ‘ಲಿಸ್ಟ್ ಡಿಸ್ಕ್’ ಎಂದರೆ ಜೋಡಣೆಯಾಗಿರುವ ಎಲ್ಲ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಗಾತ್ರ ನೋಡಿ ಪೆನ್ ಡ್ರೈವಿನ ಸಂಖ್ಯೆಯನ್ನು ಗುರುತಿಸಿಕೊಂಡು, ಆ ಸಂಖ್ಯೆಯೊಂದಿಗೆ ‘ಸೆಲೆಕ್ಟ್ ಡಿಸ್ಕ್’ ಕೊಡಿ. ಇಲ್ಲಿ ಸಂಖ್ಯೆ ತಪ್ಪಿದರೆ ಮುಂದಿನ ‘ಕ್ಲೀನ್’ ಕಮಾಂಡ್ ಬೇರೊಂದು ಡಿಸ್ಕಿನ ಪಾರ್ಟಿಶನ್‌ಗಳನ್ನೇ ಅಳಿಸಿಹಾಕುತ್ತದೆ. ಆದ್ದರಿಂದ ಮತ್ತೊಮ್ಮೆ ‘ಲಿಸ್ಟ್ ಡಿಸ್ಕ್’ ಕೊಟ್ಟು, ಆಯ್ಕೆಯಾದ ಡಿಸ್ಕಿನ ಎದುರು ನಕ್ಷತ್ರದ ಗುರುತು ಬಿದ್ದಿರುವುದನ್ನು ಕಣ್ಣಾರೆ ನೋಡಿಯೇ ಮುಂದುವರಿಯಿರಿ. ಅನಂತರ ಈ ಸಾಲುಗಳನ್ನು ಒಂದರ ಹಿಂದೊಂದು ಬರೆಯಬೇಕು:

ಕ್ಲೀನ್
ಕನ್ವರ್ಟ್ ಎಂಬಿಆರ್
ಕ್ರಿಯೇಟ್ ಪಾರ್ಟಿಶನ್ ಪ್ರೈಮರಿ ಸೈಜ್=2000
ಫಾರ್ಮ್ಯಾಟ್ ಎಫ್‌ಎಸ್=ಫ್ಯಾಟ್ ಕ್ವಿಕ್

ಪೆನ್ ಡ್ರೈವಿನಲ್ಲಿ ಮೊದಲೇ ಎಂಬಿಆರ್ ಮಾದರಿಯ ಪಾರ್ಟಿಶನ್ ಪಟ್ಟಿ ಇದ್ದರೆ ಎರಡನೆಯ ಸಾಲಿಗೆ ವಿಂಡೋಸ್ ತಕರಾರು ತೆಗೆಯಬಹುದು. ಅದನ್ನು ಲೆಕ್ಕಿಸದೆ ಮುಂದಿನ ಸಾಲಿಗೆ ಹೋಗಿ.

ಕಡತಗಳ ಹೆಸರಿನ ಬಗ್ಗೆಯೂ ಎಚ್ಚರ ಬೇಕು. ಡಾಸ್‌ನಲ್ಲಿ ಹೆಸರಿಗೆ ಎಂಟು ಅಕ್ಷರ, ಚುಕ್ಕಿಯ ನಂತರ ಮೂರು ಅಕ್ಷರವಷ್ಟೇ. ಉದ್ದ ಹೆಸರಿನ ಕಡತಗಳನ್ನು ವಿಂಡೋಸ್‌ನಿಂದ ತಂದರೆ ಅವು ಮೊಟಕಾಗಿ, ಅಲೆಗೆರೆ ಮತ್ತು ಅಂಕಿಯ ಬಾಲ ಹೊತ್ತು ಕಾಣಿಸುತ್ತವೆ. ಹತ್ತಾರು ವರದಿಗಳ ಹೆಸರುಗಳು ಒಂದೇ ಬಗೆಯಲ್ಲಿ ಶುರುವಾಗುತ್ತಿದ್ದರೆ ಯಾವುದು ಯಾವುದೆಂದು ಹೇಳಲಾಗದು. ಪೆನ್ ಡ್ರೈವಿಗೆ ಹಾಕುವ ಮೊದಲೇ ಚಿಕ್ಕ ಹೆಸರಿಟ್ಟುಕೊಳ್ಳುವುದು ಲೇಸು.

ಮೊದಲ ದಾರಿ: ಬಯೋಸ್‌ಗೆ ಒಪ್ಪಿಸುವುದು

ಯುಎಸ್‌ಬಿ 2.0 ಬಂದ ನಂತರದ ಬಹುತೇಕ ಮದರ್‌ಬೋರ್ಡ್‌ಗಳಲ್ಲಿ ಇದು ಅತಿ ಸುಲಭದ ದಾರಿ. ಕಂಪ್ಯೂಟರನ್ನು ಆರಿಸಿ, ಪೆನ್ ಡ್ರೈವನ್ನು ಹಬ್‌ಗೆ ಚುಚ್ಚದೆ ನೇರವಾಗಿ ಮದರ್‌ಬೋರ್ಡಿನ ಪೋರ್ಟಿಗೇ ಚುಚ್ಚಿ, ಅನಂತರ ಆನ್ ಮಾಡಿ. ಬಯೋಸ್ ಸೆಟಪ್ಪಿನೊಳಗೆ ಹೋಗಿ ‘ಯುಎಸ್‌ಬಿ ಲೆಗಸಿ ಸಪೋರ್ಟ್’ ಎಂಬ ಆಯ್ಕೆಯನ್ನು ‘ಎನೇಬಲ್ಡ್’ ಸ್ಥಿತಿಗೆ ತನ್ನಿ. ಕೆಲವು ಬಯೋಸ್‌ಗಳಲ್ಲಿ ಪೆನ್ ಡ್ರೈವನ್ನು ಫ್ಲಾಪಿಯಂತೆ ತೋರಿಸಬೇಕೇ ಹಾರ್ಡ್ ಡಿಸ್ಕಿನಂತೆ ತೋರಿಸಬೇಕೇ ಎಂದು ಕೇಳುವ ‘ಎಮ್ಯುಲೇಶನ್ ಟೈಪ್’ ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಅದನ್ನು ‘ಆಟೋ’ ಎಂದು ಬಿಟ್ಟರೆ 530 ಮೆಗಾಬೈಟಿಗಿಂತ ಚಿಕ್ಕ ಪೆನ್ ಡ್ರೈವನ್ನು ಫ್ಲಾಪಿಯೆಂದು ಬಗೆಯುವ ಬಯೋಸ್‌ಗಳಿವೆ. ಅನುಮಾನಕ್ಕೆ ಎಡೆಯಿಲ್ಲದಂತೆ ‘ಹಾರ್ಡ್ ಡಿಸ್ಕ್’ ಎಂದೇ ಆರಿಸಿ.

ಹೀಗೆ ಮಾಡಿದಾಗ ಬಯೋಸ್ ಪೆನ್ ಡ್ರೈವನ್ನು ಇನ್ನೊಂದು ಹಾರ್ಡ್ ಡಿಸ್ಕಿನಂತೆ ಡಾಸ್‌ಗೆ ಒಪ್ಪಿಸುತ್ತದೆ, ಡಾಸ್ ಅದನ್ನು ನಂಬಿ ಒಂದು ಡ್ರೈವ್ ಅಕ್ಷರ ಕೊಡುತ್ತದೆ. ಯಾವ ಡ್ರೈವರೂ ಬೇಡ, ಮೆಮೊರಿಯೂ ಖರ್ಚಾಗದು. ಆದರೆ ಈ ಅಕ್ಷರ ಹಂಚಿಕೆಯಲ್ಲೇ ಒಂದು ಅಪಾಯ ಅಡಗಿದೆ. ಎಂಎಸ್-ಡಾಸ್ ಮೊದಲು ಪ್ರತಿಯೊಂದು ಡಿಸ್ಕಿನ ಪ್ರೈಮರಿ ಪಾರ್ಟಿಶನ್‌ಗೆ ಅಕ್ಷರ ಕೊಟ್ಟು ಮುಗಿಸಿ, ಅನಂತರವಷ್ಟೇ ಲಾಜಿಕಲ್ ಪಾರ್ಟಿಶನ್‌ಗಳತ್ತ ತಿರುಗುತ್ತದೆ. ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಸಿ ಎಂಬ ಪ್ರೈಮರಿಯೂ ಡಿ ಎಂಬ ಲಾಜಿಕಲ್ಲೂ ಇವೆಯೆಂದುಕೊಳ್ಳಿ. ಪೆನ್ ಡ್ರೈವ್ ಚುಚ್ಚಿ ಆನ್ ಮಾಡಿದ ಕೂಡಲೇ ಡಿ ಅಕ್ಷರ ಪೆನ್ ಡ್ರೈವಿನ ಪಾಲಾಗಿ, ನಿನ್ನೆಯವರೆಗೆ ಡಿ ಆಗಿದ್ದದ್ದು ಇ ಆಗುತ್ತದೆ. ಡಿಯಲ್ಲಿ ದತ್ತಾಂಶ ಹುಡುಕುವ ಹಳೆಯ ಪ್ರೋಗ್ರಾಂ ಆಗ ಕಡತವಿಲ್ಲವೆಂದು ದೂರುತ್ತದೆ; ಕೆಲವು ಪ್ರೋಗ್ರಾಂಗಳು ಖಾಲಿ ಕಡತವನ್ನು ಹೊಸದಾಗಿ ಸೃಷ್ಟಿಸಿಕೊಂಡು ಮುಂದುವರಿಯುವುದೂ ಉಂಟು. ಪೆನ್ ಡ್ರೈವಿನಿಂದಲೇ ಬೂಟ್ ಮಾಡಿದರಂತೂ ಅದೇ ಸಿ ಆಗಿ, ಒಳಗಿನ ಹಾರ್ಡ್ ಡಿಸ್ಕ್ ಡಿ ಆಗುತ್ತದೆ. ಆದ್ದರಿಂದ ಕಾಪಿ ಮಾಡುವ ಮುಂಚೆ ಪ್ರತಿಯೊಂದು ಅಕ್ಷರಕ್ಕೂ ‘ಡಿರ್’ ಕೊಟ್ಟು ಯಾವುದು ಎಲ್ಲಿದೆಯೆಂದು ನೋಡಿಕೊಳ್ಳಲೇಬೇಕು. ‘ಫಾರ್ಮ್ಯಾಟ್’ ಕಮಾಂಡನ್ನು ಈ ಸ್ಥಿತಿಯಲ್ಲಿ ಮುಟ್ಟಲೇಬೇಡಿ.

ಈ ದಾರಿಗೆ ಇನ್ನೊಂದು ಮಿತಿಯಿದೆ. ಡಾಸ್ ಡಿಸ್ಕ್‌ಗಳನ್ನು ಎಣಿಸುವುದು ಬೂಟ್ ಆಗುವಾಗ ಮಾತ್ರ. ನಡುವೆ ಪೆನ್ ಡ್ರೈವ್ ಚುಚ್ಚಿದರೆ ಅದು ಕಾಣಿಸುವುದಿಲ್ಲ; ನಡುವೆ ಕಿತ್ತು ಇನ್ನೊಂದನ್ನು ಹಾಕುವುದಂತೂ ಕಡತ ಕೆಡಿಸುವ ಖಚಿತವಾದ ದಾರಿ.

ಎರಡನೆಯ ದಾರಿ: ಡ್ರೈವರ್ ಸೇರಿಸುವುದು

ಬಯೋಸ್ ಹಳೆಯದಾಗಿ ಪೆನ್ ಡ್ರೈವನ್ನು ಗುರುತಿಸದಿದ್ದರೆ, ಅಥವಾ ಡ್ರೈವ್ ಅಕ್ಷರಗಳು ಕದಲಬಾರದೆಂದಿದ್ದರೆ ಡ್ರೈವರ್ ಬೇಕು. ಡ್ರೈವರ್ ಮೂಲಕ ಬರುವ ಡ್ರೈವಿಗೆ ಹಾರ್ಡ್ ಡಿಸ್ಕಿನ ಎಲ್ಲ ಪಾರ್ಟಿಶನ್‌ಗಳ ನಂತರದ ಅಕ್ಷರ ಸಿಗುತ್ತದೆ. ಹಳೆಯ ಅಕ್ಷರಗಳು ಇದ್ದಂತೆಯೇ ಇರುತ್ತವೆ. ಈ ಒಂದು ಗುಣಕ್ಕಾಗಿಯೇ ದಿನನಿತ್ಯ ದುಡಿಯುವ ಯಂತ್ರಗಳಿಗೆ ನಾನು ಇದನ್ನೇ ಮೆಚ್ಚುತ್ತೇನೆ.

ಹೆಚ್ಚು ಬಳಕೆಯಲ್ಲಿರುವುದು ಎರಡು ಕಡತಗಳ ಜೋಡಿ. ಮೊದಲನೆಯದು ಪ್ಯಾನಸಾನಿಕ್ ಸಂಸ್ಥೆಯ ‘ಯುಎಸ್‌ಬಿಎಎಸ್‌ಪಿಐ.ಸಿಸ್’, ಇದು ಯುಎಸ್‌ಬಿ ಕಂಟ್ರೋಲರ್ (ಪೋರ್ಟ್‌ಗಳನ್ನು ನಡೆಸುವ ಚಿಪ್) ಜೊತೆ ಮಾತಾಡಿ, ಪೆನ್ ಡ್ರೈವನ್ನು ಸ್ಕಸಿ ಎಂಬ ಹಳೆಯ ಬಗೆಯ ಡಿಸ್ಕಿನ ರೂಪದಲ್ಲಿ ಮುಂದಿಡುತ್ತದೆ. ಎರಡನೆಯದು ‘ಡಿಐ1000ಡಿಡಿ.ಸಿಸ್’; ಇದು ಆ ಡಿಸ್ಕನ್ನು ತೆಗೆದುಕೊಂಡು ಡಾಸ್‌ನಲ್ಲಿ ಡ್ರೈವ್ ಅಕ್ಷರ ಕೊಡಿಸುತ್ತದೆ. ಎರಡನ್ನೂ ಹಾರ್ಡ್ ಡಿಸ್ಕಿನಲ್ಲಿ ‘ಯುಎಸ್‌ಬಿ’ ಎಂಬ ಫೋಲ್ಡರಿಗೆ ಹಾಕಿ, ಈಗಿರುವ ಕಾನ್ಫಿಗ್.ಸಿಸ್ ಕಡತದ ಒಂದು ನಕಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡು, ‘ಎಡಿಟ್’ ಕಮಾಂಡಿನಿಂದ ಮೂಲ ಕಡತವನ್ನು ತೆರೆದು ಈ ಸಾಲುಗಳನ್ನು ಸೇರಿಸಿ. ಫ್ರೀಡಾಸ್‌ನಲ್ಲಿ ಇದೇ ಕೆಲಸ ಮಾಡುವ ಕಡತದ ಹೆಸರು ಎಫ್‌ಡಿಕಾನ್ಫಿಗ್.ಸಿಸ್.

ಡಿವೈಸ್=ಸಿ:\ಯುಎಸ್‌ಬಿ\ಯುಎಸ್‌ಬಿಎಎಸ್‌ಪಿಐ.ಸಿಸ್ /ವಿ /ಇ
ಡಿವೈಸ್=ಸಿ:\ಯುಎಸ್‌ಬಿ\ಡಿಐ1000ಡಿಡಿ.ಸಿಸ್
ಲಾಸ್ಟ್‌ಡ್ರೈವ್=ಝಡ್

ಸಾಲುಗಳ ಈ ಕ್ರಮ ಬದಲಾಗಬಾರದು. ಮೊದಲನೆಯದು ಒಪ್ಪಿಸಿದ್ದನ್ನೇ ಎರಡನೆಯದು ಎತ್ತಿಕೊಳ್ಳುವುದು. ಮೊದಲ ಸಾಲಿನ ಕೊನೆಯಲ್ಲಿರುವ ಅಕ್ಷರಗಳಿಗೂ ಅರ್ಥವಿದೆ. ‘/ವಿ’ ಇದ್ದರೆ ಡ್ರೈವರ್ ತಾನು ಕಂಡದ್ದನ್ನೆಲ್ಲ ಪರದೆಯ ಮೇಲೆ ವಿವರವಾಗಿ ತೋರಿಸುತ್ತದೆ. ಪೆನ್ ಡ್ರೈವಿನ ತಯಾರಕರ ಹೆಸರು ಅಲ್ಲಿ ಮೂಡಿತೆಂದರೆ ಅರ್ಧ ಕೆಲಸ ಆದಂತೆ. ‘/ಇ’ ಎಂದರೆ ಯುಎಸ್‌ಬಿ 2.0ರ ಇಎಚ್‌ಸಿಐ ಕಂಟ್ರೋಲರನ್ನು ಮಾತ್ರ ಬಳಸು ಎಂದು ಹೇಳಿದಂತೆ. ಹಳೆಯ ಯುಎಸ್‌ಬಿ 1.1 ಮಾತ್ರ ಇರುವ ಯಂತ್ರಗಳಲ್ಲಿ ಎರಡು ಬಗೆಯ ಕಂಟ್ರೋಲರ್‌ಗಳುಂಟು: ಇಂಟೆಲ್ ಮತ್ತು ವಿಯಾ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಯುಎಚ್‌ಸಿಐ, ಎಸ್‌ಐಎಸ್, ಎಎಲ್‌ಐ ಮುಂತಾದವುಗಳಲ್ಲಿ ಓಎಚ್‌ಸಿಐ. ಮೊದಲನೆಯದಕ್ಕೆ ‘/ಯು’, ಎರಡನೆಯದಕ್ಕೆ ‘/ಓ’ ಕೊಡಬೇಕು. ಯಾವುದೆಂದು ತಿಳಿಯದಿದ್ದರೆ ಮೂರನ್ನೂ ಬಿಟ್ಟುಬಿಡಿ; ಡ್ರೈವರ್ ತಾನೇ ಎಲ್ಲವನ್ನೂ ಹುಡುಕುತ್ತದೆ.

ಹಾಗಿದ್ದರೆ ‘/ಇ’ ಏಕೆ ಬೇಕು? ಕೀಬೋರ್ಡ್ ಕಾರಣಕ್ಕಾಗಿ. ಯುಎಸ್‌ಬಿ ಕೀಬೋರ್ಡ್ ಡಾಸ್‌ನಲ್ಲಿ ನಡೆಯುವುದು ಬಯೋಸಿನ ಕೃಪೆಯಿಂದ. ಡ್ರೈವರ್ ಬಂದು ಕಂಟ್ರೋಲರನ್ನು ತನ್ನ ವಶಕ್ಕೆ ತೆಗೆದುಕೊಂಡ ಗಳಿಗೆಯಲ್ಲೇ ಬಯೋಸಿನ ಹಿಡಿತ ತಪ್ಪಿ, ಕೀಬೋರ್ಡ್ ಸ್ತಬ್ಧವಾಗುತ್ತದೆ. ಪರದೆಯಲ್ಲಿ ಪ್ರಾಂಪ್ಟ್ ಮಿನುಗುತ್ತಿದ್ದರೂ ಒಂದಕ್ಷರವೂ ಮೂಡದು. ನೋಡಿದವರು ಕಂಪ್ಯೂಟರೇ ನಿಂತಿತೆಂದು ತಿಳಿಯುತ್ತಾರೆ. ಕೀಬೋರ್ಡ್ ನಿಧಾನಗತಿಯ ಸಾಧನವಾದ್ದರಿಂದ, ಇಎಚ್‌ಸಿಐ ಜೊತೆಗೆ ಹಳೆಯ ಬಗೆಯ ಕಂಟ್ರೋಲರ್ ಕೂಡ ಇರುವ ಮದರ್‌ಬೋರ್ಡ್‌ಗಳಲ್ಲಿ ಅದು ಹಳೆಯದಕ್ಕೇ ಅಂಟಿಕೊಂಡಿರುತ್ತದೆ. ಇಂಥಲ್ಲಿ ‘/ಇ’ ಕೊಟ್ಟರೆ ಪೆನ್ ಡ್ರೈವ್ ಡ್ರೈವರಿನ ಪಾಲಿಗೆ, ಕೀಬೋರ್ಡ್ ಬಯೋಸಿನ ಪಾಲಿಗೆ ಉಳಿಯುತ್ತವೆ. ಎಲ್ಲ ಪೋರ್ಟ್‌ಗಳೂ ಇಎಚ್‌ಸಿಐ ಮೂಲಕವೇ ಹಾಯುವ, ಮುಂದೆ ಬಂದ ಚಿಪ್‌ಸೆಟ್‌ಗಳಲ್ಲಿ ಈ ಉಪಾಯ ನಡೆಯದು. ದುಂಡನೆಯ ಪಿಎಸ್/2 ಕೀಬೋರ್ಡ್ ಒಂದನ್ನು ಕೈಗೆಟುಕುವಂತೆ ಇಟ್ಟುಕೊಂಡರೆ ಈ ತಲೆನೋವೇ ಇರುವುದಿಲ್ಲ.

ಡ್ರೈವರಿನ ದಾರಿ ಹಿಡಿದವರು ಬಯೋಸಿನ ಲೆಗಸಿ ಆಯ್ಕೆಯನ್ನು ‘ಡಿಸೇಬಲ್ಡ್’ ಮಾಡುವುದು ಒಳ್ಳೆಯದು. ಇರುವುದು ಯುಎಸ್‌ಬಿ ಕೀಬೋರ್ಡ್ ಮಾತ್ರವಾದರೆ ಹಾಗೆ ಮಾಡುವಂತಿಲ್ಲ. ಹಾಗೆಯೇ ಪೆನ್ ಡ್ರೈವ್ ಬೂಟ್ ಆಗುವ ಮುಂಚೆಯೇ ಪೋರ್ಟಿನಲ್ಲಿರಬೇಕು, ಏಕೆಂದರೆ ಈ ಡ್ರೈವರ್ ಸಾಧನಗಳನ್ನು ಹುಡುಕುವುದು ತಾನು ಮೆಮೊರಿಗೆ ಬರುವಾಗ.

ಕೆಲಸ ಕೈಕೊಟ್ಟಾಗ

ಬೂಟ್ ಆಗುವಾಗ ‘ಸ್ಟಾರ್ಟಿಂಗ್ ಎಂಎಸ್-ಡಾಸ್’ ಎಂಬ ಸಾಲು ಕಂಡ ಕೂಡಲೇ ಎಫ್8 ಕೀಲಿ ಒತ್ತಿದರೆ ಕಾನ್ಫಿಗ್.ಸಿಸ್‌ನ ಪ್ರತಿ ಸಾಲಿಗೂ ಒಪ್ಪಿಗೆ ಕೇಳುತ್ತದೆ. ಯಾವ ಸಾಲಿನಲ್ಲಿ ತೊಡಕಾಯಿತೆಂದು ಪತ್ತೆಹಚ್ಚಲು ಇದಕ್ಕಿಂತ ಉತ್ತಮ ಸಾಧನವಿಲ್ಲ. ಕಂಪ್ಯೂಟರ್ ಮೊದಲ ಡ್ರೈವರಿನಲ್ಲೇ ನಿಂತರೆ ಬೇರೆ ಪೋರ್ಟ್, ಬೇರೆ ಪೆನ್ ಡ್ರೈವ್, ಕಂಟ್ರೋಲರಿನ ಬೇರೆ ಅಕ್ಷರ ಹೀಗೆ ಒಂದೊಂದನ್ನೇ ಬದಲಿಸಿ ನೋಡಿ. ಮೊದಲ ಡ್ರೈವರ್ ಪೆನ್ ಡ್ರೈವಿನ ಹೆಸರು ತೋರಿಸಿಯೂ ಡ್ರೈವ್ ಅಕ್ಷರ ಬರದಿದ್ದರೆ ತಪ್ಪು ಫಾರ್ಮ್ಯಾಟಿನಲ್ಲಿದೆ ಎಂದುಕೊಂಡು ಹಿಂದಿನ ಹಂತಕ್ಕೆ ಮರಳಿ.

ಇಎಂಎಂ386 ಎಂಬ ಮೆಮೊರಿ ನಿರ್ವಹಣೆಯ ಪ್ರೋಗ್ರಾಂ ಬಳಸುತ್ತಿರುವವರು ಆರಂಭದಲ್ಲಿ ಅದರ ಸಾಲಿನ ಮುಂದೆ ‘ರೆಮ್’ ಸೇರಿಸಿ ಅದನ್ನು ತಡೆಹಿಡಿಯಿರಿ. ಅದು ಮೆಮೊರಿಯ ವಿಳಾಸಗಳನ್ನು ಬೇರೆಡೆಗೆ ತಿರುಗಿಸುತ್ತದೆ. ಆದರೆ ಯುಎಸ್‌ಬಿ ಕಂಟ್ರೋಲರ್ ಪ್ರೊಸೆಸರಿನ ಹಂಗಿಲ್ಲದೆ ನೇರವಾಗಿ ನಿಜವಾದ ವಿಳಾಸಕ್ಕೇ ಬರೆಯುತ್ತದೆ. ಎರಡೂ ಹೊಂದದಿದ್ದರೆ ದತ್ತಾಂಶ ಬೇರೆಲ್ಲೋ ಹೋಗಿ ಬೀಳುತ್ತದೆ. ಇದೇ ಕಾರಣಕ್ಕೆ, ಡ್ರೈವರನ್ನು ಮೆಮೊರಿಯ ಮೇಲ್ಭಾಗಕ್ಕೆ ಹಾಕುವ ‘ಡಿವೈಸ್‌ಹೈ’ ಬಳಸಿ ಮೆಮೊರಿ ಉಳಿಸುವ ಆಸೆಯನ್ನೂ ಮೊದಲಿಗೆ ಬಿಡಬೇಕು. ಎಲ್ಲ ಸರಿಯಾಗಿ ನಡೆದ ಮೇಲೆ ಇವನ್ನು ಒಂದೊಂದಾಗಿ ಮರಳಿ ಸೇರಿಸಿ ಪರೀಕ್ಷಿಸಬಹುದು. ಡ್ರೈವರ್ ಬಂದ ಮೇಲೆ ದೊಡ್ಡ ಪ್ರೋಗ್ರಾಂಗಳಿಗೆ 640 ಕಿಲೋಬೈಟಿನಲ್ಲಿ ಜಾಗ ಸಾಲದೆ ಹೋದರೆ, ಡಾಸ್ 6ರಲ್ಲಿರುವ ಮೆನು ಸೌಲಭ್ಯವನ್ನು ಬಳಸಿ ಎರಡು ಬಗೆಯ ಬೂಟ್ ಮಾಡಿಕೊಳ್ಳಿ: ದಿನದ ಕೆಲಸಕ್ಕೆ ಡ್ರೈವರ್ ಇಲ್ಲದ್ದು, ಕಡತ ಸಾಗಿಸಲು ಡ್ರೈವರ್ ಇರುವುದು. ಯಾವುದು ಎಷ್ಟು ಮೆಮೊರಿ ತಿನ್ನುತ್ತಿದೆಯೆಂದು ‘ಮೆಮ್ /ಸಿ /ಪಿ’ ತೋರಿಸುತ್ತದೆ.

ಬೂಟ್ ಆದ ನಂತರವೂ ಪೆನ್ ಡ್ರೈವ್ ಚುಚ್ಚಿ ಕೀಳಬೇಕೆನ್ನುವವರಿಗೆ ಬ್ರೆಟ್ ಜಾನ್ಸನ್ ಬರೆದಿರುವ ಡಾಸ್ ಯುಎಸ್‌ಬಿ ಡ್ರೈವರ್‌ಗಳಿವೆ. ಅವುಗಳಲ್ಲಿ ಕಂಟ್ರೋಲರಿಗೊಂದು, ಡಿಸ್ಕಿಗೊಂದು, ಕೀಬೋರ್ಡಿಗೊಂದು ಎಂದು ಬೇರೆಬೇರೆ ಪ್ರೋಗ್ರಾಂಗಳಿದ್ದು, ಕಾನ್ಫಿಗ್.ಸಿಸ್ ಮುಟ್ಟದೆ ಪ್ರಾಂಪ್ಟಿನಿಂದಲೇ ಓಡಿಸಬಹುದು. ಯುಎಚ್‌ಸಿಐ ಇರುವ ಹಳೆಯ ಯಂತ್ರಗಳಿಗೆ ಇವು ಚೆನ್ನಾಗಿ ಹೊಂದುತ್ತವೆ.

ಹೊಸ ಕಂಪ್ಯೂಟರಿನಲ್ಲಿ ಡಾಸ್ ಓಡಿಸುವವರ ಕಷ್ಟ ಬೇರೆ. ಯುಎಸ್‌ಬಿ 3.0ರ ಎಕ್ಸ್‌ಎಚ್‌ಸಿಐ ಕಂಟ್ರೋಲರನ್ನು ಪ್ಯಾನಸಾನಿಕ್ ಡ್ರೈವರ್ ಅರಿಯದು. ಇಂಟೆಲ್ 2015ರ ಸ್ಕೈಲೇಕ್ ಪೀಳಿಗೆಯಿಂದ ಇಎಚ್‌ಸಿಐಯನ್ನೇ ಕೈಬಿಟ್ಟಿತು. ಅಲ್ಲಿ ಉಳಿಯುವುದು ಬಯೋಸಿನ ದಾರಿ ಮಾತ್ರ. ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೀಡಾಸ್ ಆರಿಸಿಕೊಂಡು ಪೆನ್ ಡ್ರೈವನ್ನೇ ಬೂಟ್ ಡಿಸ್ಕ್ ಮಾಡಿದರೆ ಕೆಲಸ ಸಲೀಸು. ಹಳೆಯ ಬಯೋಸನ್ನು ಅನುಕರಿಸುವ ಸಿಎಸ್‌ಎಂ ಎಂಬ ಆಯ್ಕೆಯೂ ಇಲ್ಲದ, ಬಯೋಸಿನ ಜಾಗಕ್ಕೆ ಬಂದ ಯುಇಎಫ್‌ಐ ಮಾತ್ರ ಇರುವ ಯಂತ್ರದಲ್ಲಿ ಡಾಸ್ ಬೂಟ್ ಆಗುವುದೇ ಇಲ್ಲ.

ಕಡತ ಸಾಗಿಸಿ, ಪೆನ್ ಡ್ರೈವ್ ತೆಗೆಯುವುದು

ವೇಗದ ನಿರೀಕ್ಷೆ ಹೆಚ್ಚು ಬೇಡ. ಯುಎಸ್‌ಬಿ 1.1ರ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್, ಅಂದರೆ ಲೆಕ್ಕದ ಪ್ರಕಾರ 1.5 ಮೆಗಾಬೈಟ್, ನಿಜದಲ್ಲಿ ಇನ್ನೂ ಕಡಿಮೆ. ನೂರು ಮೆಗಾಬೈಟಿನ ಕಡತಕ್ಕೆ ಒಂದು ನಿಮಿಷದ ಮೇಲೆಯೇ ಹಿಡಿಯುತ್ತದೆ. ಪರದೆ ಅಲುಗಾಡದಿದ್ದರೂ ಪ್ರಾಂಪ್ಟ್ ಮರಳುವವರೆಗೆ ಕಾಯಬೇಕು.

ಡಾಸ್‌ನಲ್ಲಿ ವಿಂಡೋಸಿನಂತೆ ‘ಸುರಕ್ಷಿತವಾಗಿ ತೆಗೆಯಿರಿ’ ಎಂಬ ವ್ಯವಸ್ಥೆಯಿಲ್ಲ. ಡಿಸ್ಕಿನ ದತ್ತಾಂಶವನ್ನು ಮೆಮೊರಿಯಲ್ಲಿ ಇರಿಸಿಕೊಂಡು ವೇಗ ಹೆಚ್ಚಿಸುವ ಸ್ಮಾರ್ಟ್‌ಡ್ರೈವ್ ಎಂಬ ಪ್ರೋಗ್ರಾಂ ಚಾಲ್ತಿಯಲ್ಲಿದ್ದರೆ ಬರೆಯಬೇಕಾದ ದತ್ತಾಂಶ ಇನ್ನೂ ಮೆಮೊರಿಯಲ್ಲೇ ಕಾದಿರಬಹುದು. ಹಾಗಾಗಿ ಮೊದಲು ‘ಸ್ಮಾರ್ಟ್‌ಡಿಆರ್‌ವಿ /ಸಿ’ ಕೊಟ್ಟು ಅದನ್ನೆಲ್ಲ ಡಿಸ್ಕಿಗೆ ಇಳಿಸಿ, ಪೆನ್ ಡ್ರೈವಿನ ದೀಪ ಮಿನುಗುವುದು ನಿಂತ ಮೇಲೆ ಕಂಪ್ಯೂಟರನ್ನು ರೀಬೂಟ್ ಮಾಡಿ. ಅನಂತರ ಮೂಲ ಕಡತವನ್ನೂ ನಕಲನ್ನೂ ‘ಎಫ್‌ಸಿ /ಬಿ’ ಕಮಾಂಡಿನಿಂದ ಹೋಲಿಸಿ. ರೀಬೂಟ್ ಮಾಡದೆ ಹೋಲಿಸಿದರೆ ಡಾಸ್ ಮೆಮೊರಿಯಲ್ಲಿ ಉಳಿದ ಪ್ರತಿಯನ್ನೇ ಓದಿ ಎಲ್ಲ ಸರಿಯಿದೆ ಎಂದುಬಿಡಬಹುದು. ವ್ಯತ್ಯಾಸವೇನೂ ಇಲ್ಲವೆಂಬ ಉತ್ತರ ಬಂದ ನಂತರ ಕಂಪ್ಯೂಟರನ್ನು ಆರಿಸಿ ಪೆನ್ ಡ್ರೈವನ್ನು ಹೊರತೆಗೆಯಿರಿ. ಮೂಲ ಕಡತಗಳನ್ನು ಅಳಿಸಬೇಕಿದ್ದರೆ, ಪೆನ್ ಡ್ರೈವಿನ ಪ್ರತಿ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದುಕೊಂಡ ಮೇಲಷ್ಟೇ ಅಳಿಸಿ.