ಐವತ್ತು ದಾಟಿದ ಮೇಲೆ ಆಟಕ್ಕೆ ಮರಳುವುದು ಹೇಗೆ?

ನಮ್ಮಲ್ಲಿ ಹೆಣ್ಣುಮಕ್ಕಳ ಆಟ ಬಹುಮಟ್ಟಿಗೆ ಹೈಸ್ಕೂಲಿನೊಂದಿಗೆ ಮುಗಿಯುತ್ತದೆ. ಗಂಡಸರ ಆಟ ನೌಕರಿ, ಮದುವೆ ಎನ್ನುವಷ್ಟರಲ್ಲಿ ನಿಲ್ಲುತ್ತದೆ. ಆಮೇಲೆ ಇಪ್ಪತ್ತೈದು ಮೂವತ್ತು ವರ್ಷ ಕಳೆದು, ರಕ್ತಪರೀಕ್ಷೆಯ ವರದಿ ನೋಡಿದ ವೈದ್ಯರು ‘ದಿನಾ ವಾಕಿಂಗ್ ಮಾಡಿ’ ಎಂದಾಗ ನಾವು ಬೂಟು ಕೊಳ್ಳಲು ಹೊರಡುತ್ತೇವೆ. ನಡಿಗೆ ಒಳ್ಳೆಯದು, ಅದನ್ನು ಬಿಡಬಾರದು. ಆದರೆ ಮುಪ್ಪಿನಲ್ಲಿ ನಮ್ಮನ್ನು ನಮ್ಮ ಕಾಲ ಮೇಲೆಯೇ ನಿಲ್ಲಿಸಲು ನಡಿಗೆಯೊಂದೇ ಸಾಲದು ಎಂಬುದಕ್ಕೆ ಕಾರಣ ಸ್ನಾಯುಗಳಲ್ಲಿದೆ.

ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸ್ನಾಯುವಿನ ತೂಕ ಸುಮಾರು ಶೇಕಡಾ 3ರಿಂದ 8ರಷ್ಟು ಇಳಿಯುತ್ತದೆ, ಅರವತ್ತರ ನಂತರ ಈ ಇಳಿತ ಇನ್ನೂ ಚುರುಕಾಗುತ್ತದೆ. ಹೀಗೆ ಸೊರಗುವಾಗ ಹೆಚ್ಚು ಪೆಟ್ಟು ಬೀಳುವುದು ವೇಗವಾಗಿ ಬಿಗಿಯುವ ಎಳೆಗಳಿಗೆ. ಬಚ್ಚಲಲ್ಲಿ ಕಾಲು ಜಾರಿದಾಗ ಇನ್ನೊಂದು ಕಾಲನ್ನು ಥಟ್ಟನೆ ಊರಿ ನಮ್ಮನ್ನು ಉಳಿಸುವುದು ಇವೇ ಎಳೆಗಳು. ಒಂದೇ ಲಯದ ನಡಿಗೆಯಲ್ಲಿ ಇವುಗಳಿಗೆ ಹೆಚ್ಚು ಕೆಲಸ ಬೀಳುವುದಿಲ್ಲ. ಚೆಂಡಿನ ಹಿಂದೆ ತಿರುಗುವಾಗ, ಹಾರುವಾಗ, ಓಡುತ್ತ ಓಡುತ್ತ ನಿಲ್ಲುವಾಗ ಬೀಳುತ್ತದೆ.

ಮೊದಲ ಹೆಜ್ಜೆಯಾಗಿ, ನೀವೀಗ ಎಲ್ಲಿದ್ದೀರಿ ಎಂಬುದನ್ನು ಅಳೆದುಕೊಳ್ಳಿ. ಕೈಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಆನಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ. 60ರಿಂದ 64ರ ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಕಾಲಿನ ಬಲ ಸರಾಸರಿಗಿಂತ ಕಡಿಮೆ ಎಂದರ್ಥ. ಅನಂತರ ಗೋಡೆಯ ಪಕ್ಕದಲ್ಲಿ ಬರಿಗಾಲಲ್ಲಿ ಒಂಟಿಕಾಲ ಮೇಲೆ ನಿಂತು ನೋಡಿ. ಬ್ರೆಜಿಲ್‌ನಲ್ಲಿ 51ರಿಂದ 75ರ ವಯಸ್ಸಿನ 1,702 ಜನರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೀಗೆ 10 ಸೆಕೆಂಡು ನಿಲ್ಲಲಾಗದವರಲ್ಲಿ ಮುಂದಿನ ಸುಮಾರು ಏಳು ವರ್ಷಗಳ ಸಾವಿನ ಪ್ರಮಾಣ ಹೆಚ್ಚಾಗಿತ್ತು. ಒಂಟಿಕಾಲಲ್ಲಿ ನಿಂತರೆ ಆಯುಸ್ಸು ಬೆಳೆಯುತ್ತದೆ ಎಂದು ಇದರಿಂದ ತಿಳಿಯಬಾರದು. ದೇಹದ ಒಟ್ಟು ಸ್ಥಿತಿಯನ್ನು ಸಮತೋಲ ತೋರಿಸಿಕೊಡುತ್ತದೆ, ಅಷ್ಟೇ.

ಹೃದಯದ ತೊಂದರೆ, ನಡೆಯುವಾಗ ಎದೆ ಹಿಡಿದಂತಾಗುವುದು, ತಲೆಸುತ್ತು, ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇದ್ದವರು ಆಟಕ್ಕಿಳಿಯುವ ಮುನ್ನ ವೈದ್ಯರನ್ನು ಕಾಣಲೇಬೇಕು. ಕೆಲವು ಬಿ.ಪಿ. ಮಾತ್ರೆಗಳು ಎದೆಬಡಿತ ಏರದಂತೆ ತಡೆಯುವುದರಿಂದ ಕೈಗಡಿಯಾರ ತೋರಿಸುವ ಸಂಖ್ಯೆಯನ್ನು ನೆಚ್ಚಲಾಗದು. ಮಾತಾಡಲು ಆಗುತ್ತಿದೆ ಆದರೆ ಹಾಡಲು ಆಗುತ್ತಿಲ್ಲ ಎನ್ನುವಷ್ಟು ಏದುಸಿರಿದ್ದರೆ ಅದೇ ಸರಿಯಾದ ವೇಗ. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಲಿ.

ಮುಂದಿನ ಆರು ವಾರ ಬುನಾದಿ ಹಾಕುವ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೂ, ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಹೇಳುತ್ತದೆ. 65 ದಾಟಿದವರು ವಾರಕ್ಕೆ ಮೂರು ದಿನ ಸಮತೋಲದ ಅಭ್ಯಾಸವನ್ನೂ ಸೇರಿಸಿಕೊಳ್ಳಬೇಕು. ಬಿರುಸು ನಡಿಗೆಯ ಜೊತೆಗೆ ಕುರ್ಚಿಯಿಂದ ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಇವೆರಡನ್ನು ಹತ್ತು ಹತ್ತು ಸಲ ಮೂರು ಸುತ್ತು ಮಾಡಿದರೆ ಆರಂಭಕ್ಕೆ ಸಾಕು. ಈ ಆರು ವಾರವನ್ನು ಹಾರಿಸಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ನಲವತ್ತೇಳರಲ್ಲಿ, ಇಪ್ಪತ್ತು ವರ್ಷಗಳ ಬಳಿಕ ಶಟಲ್ ಆಡಲು ನೇರವಾಗಿ ಅಂಗಳಕ್ಕಿಳಿದ ನನಗೆ ಎರಡನೆಯ ದಿನವೇ, ನೆಟ್ಟಿನ ಬಳಿ ಬಿದ್ದ ಕಾಕ್ ಎತ್ತಲು ಮುನ್ನುಗ್ಗಿದಾಗ, ಹಿಂದಿನಿಂದ ಯಾರೋ ಕಲ್ಲೆಸೆದಂತೆ ಮೀನಖಂಡದಲ್ಲಿ ಪೆಟ್ಟಾಯಿತು. ಹಿಂತಿರುಗಿ ನೋಡಿದರೆ ಯಾರೂ ಇರಲಿಲ್ಲ. ಸ್ನಾಯು ಹರಿದಿತ್ತು, ಎರಡು ತಿಂಗಳು ಕುಂಟಿದೆ. ಸ್ನಾಯು ಕೆಲವೇ ವಾರಗಳಲ್ಲಿ ಹುರುಪು ಪಡೆದರೂ ಅದನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳು ಬೇಕು.

ಬುನಾದಿಯಾದ ಮೇಲೆ ನನ್ನ ಮೊದಲ ಸಲಹೆ ಕುಂಟೆಬಿಲ್ಲೆ. ಮಕ್ಕಳಾಟವೆಂದು ಇದನ್ನು ಬದಿಗಿಡುವುದು ದೊಡ್ಡ ನಷ್ಟ: ಒಂಟಿಕಾಲ ಸಮತೋಲ, ಮೂಳೆಗೆ ಬೇಕಾದ ಹದವಾದ ಅದುರು, ಗುರಿಯಿಟ್ಟು ಎಸೆಯುವ ಚಾಕಚಕ್ಯತೆ, ಇವೆಲ್ಲ ಒಂದು ಹೆಂಚಿನ ಚೂರು ಮತ್ತು ಸೀಮೆಸುಣ್ಣದ ಖರ್ಚಿನಲ್ಲಿ ಸಿಗುತ್ತವೆ. ದೊಡ್ಡವರು ಮೊದಲ ಎರಡು ವಾರ ಹಾರಬಾರದು. ಗೋಡೆಯ ಪಕ್ಕದಲ್ಲಿಯೇ ಮನೆಗಳನ್ನು ಬರೆದುಕೊಂಡು, ಪ್ರತಿ ಮನೆಗೂ ನಡೆದು ಹೋಗಿ, ಅಲ್ಲಿ ಒಂಟಿಕಾಲಲ್ಲಿ ಐದು ಎಣಿಸುವವರೆಗೆ ನಿಂತು ಮುಂದೆ ಸಾಗಬೇಕು. ಆಮೇಲೆ ನಿಂತ ಕಾಲನ್ನು ಊರಿದಂತೆಯೇ ಬಗ್ಗಿ ಬಿಲ್ಲೆ ಎತ್ತುವುದನ್ನು ಕಲಿಯಬೇಕು. ಹಾರುವುದು ಅನಂತರ, ಅದೂ ಮಣ್ಣಿನ ನೆಲದ ಮೇಲೆ, ಒಂದೊಂದೇ ಮನೆ. ಅರವತ್ತೆಂಟರ ನನ್ನ ಅಮ್ಮ ಮೊಮ್ಮಗಳೊಂದಿಗೆ ಹೀಗೆ ಶುರುಮಾಡಿದಾಗ ಎಡಗೈಯ ಐದೂ ಬೆರಳು ಕಾಂಪೌಂಡಿಗೆ ಅಂಟಿಕೊಂಡಿದ್ದವು. ಮೂರನೆಯ ತಿಂಗಳಿಗೆ ಕಿರುಬೆರಳೊಂದೇ ಉಳಿದಿತ್ತು. ‘ಅಜ್ಜಿ, ಗೆರೆ ತುಳಿದ್ರಿ, ಔಟು!’ ಎಂದು ಮಗು ಕೂಗಿದರೆ ಅವರು ಸೆರಗು ಬಿಗಿದು ಮತ್ತೆ ಮೊದಲ ಮನೆಯಿಂದ ಬರುತ್ತಿದ್ದರು. ಮಂಡಿ ಸವೆದವರು, ಮೂಳೆ ಟೊಳ್ಳಾಗಿದೆ ಎಂದು ವೈದ್ಯರು ಹೇಳಿದವರು ಹಾರುವ ಹಂತವನ್ನು ಬಿಟ್ಟುಬಿಡಬೇಕು. ನಿಲ್ಲುವ ಹಂತವೊಂದೇ ಅವರಿಗೆ ಬೇಕಾದಷ್ಟು ಕೆಲಸ ಕೊಡುತ್ತದೆ.

ಇನ್ನು ಜೊತೆಯವರೊಡನೆ ಆಡುವ ಆಟ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ದೀರ್ಘಕಾಲ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಏನೂ ಆಡದವರಿಗಿಂತ ಬ್ಯಾಡ್ಮಿಂಟನ್ ಆಡುವವರು 6.2 ವರ್ಷ, ಜಾಗಿಂಗ್ ಮಾಡುವವರು 3.2 ವರ್ಷ ಹೆಚ್ಚು ಬದುಕುವ ಲೆಕ್ಕ ಸಿಕ್ಕಿತು. ಆಟಗಾರರ ಹಣಕಾಸಿನ ಅನುಕೂಲವೂ ಇದರಲ್ಲಿ ಸೇರಿರಬಹುದಾದ್ದರಿಂದ ಇದನ್ನೇ ಕೊನೆಯ ಮಾತೆನ್ನಲಾಗದು. ಆದರೂ ನಾಲ್ಕು ಜನ ಕಾಯುತ್ತಿದ್ದಾರೆ ಎಂಬ ಕಾರಣಕ್ಕೇ ಚಳಿಯ ಬೆಳಗ್ಗೆ ಹಾಸಿಗೆ ಬಿಟ್ಟೇಳುವವರನ್ನು ಕಂಡಿರುವ ನನಗೆ ಅದರಲ್ಲಿ ಹುರುಳಿದೆ ಎನಿಸುತ್ತದೆ. ನಮ್ಮ ಊರುಗಳಿಗೆ ಇನ್ನೂ ಚೆನ್ನಾಗಿ ಒಗ್ಗುವುದು ಬಾಲ್ ಬ್ಯಾಡ್ಮಿಂಟನ್. ಒಂದೊಂದು ಕಡೆ ಐದೈದು ಜನ ನಿಲ್ಲುವುದರಿಂದ ಹತ್ತು ಜನ ಒಟ್ಟಿಗೆ ಆಡಬಹುದು, ಹಳದಿ ಉಣ್ಣೆಯ ಚೆಂಡು ಶಟಲ್‌ನಂತೆ ಗಾಳಿಗೆ ಹಾರಿಹೋಗುವುದಿಲ್ಲ, ಶಾಲೆಯ ಮಣ್ಣಿನ ಬಯಲೇ ಸಾಕು. ಹೊಸಬರು ಹಿಂದಿನ ಮೂಲೆಯಲ್ಲಿ ನಿಂತು, ವಾರಕ್ಕೆ ಎರಡು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಆಡಿ, ಮರುದಿನದ ನೋವು ನೋಡಿಕೊಂಡು ಸಮಯ ಹೆಚ್ಚಿಸಿಕೊಳ್ಳಲಿ. ಆಟಕ್ಕೆ ಮೊದಲು ಹತ್ತು ನಿಮಿಷ ಮೈ ಬಿಸಿಮಾಡಿಕೊಳ್ಳಿ: ನಿಧಾನ ಓಟ, ಪಕ್ಕಕ್ಕೆ ಹೆಜ್ಜೆ, ತೋಳು ತಿರುಗಿಸುವುದು. ಎದೆಯಲ್ಲಿ ಒತ್ತಡ, ದವಡೆಗೋ ಎಡತೋಳಿಗೋ ಇಳಿಯುವ ನೋವು, ಕಣ್ಣು ಕತ್ತಲೆ ಇವುಗಳಲ್ಲಿ ಒಂದು ಕಂಡರೂ ಆ ಸರ್ವಿಸ್ ಮುಗಿಯಲಿ ಎಂದು ಕಾಯದೆ ಆಟ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಮಳೆಗಾಲದಲ್ಲಿ ಬಯಲು ಕೆಸರಾದಾಗ ಚೌಕಾಬಾರದ ಮನೆ ಬರೆದು ನೆಲದ ಮೇಲೆ ಕುಳಿತು ಆಡಿ. ಕಾಯಿ ಹೊಡೆಸಿಕೊಂಡವರು ಪ್ರತಿ ಸಲವೂ ಎದ್ದು ನಿಂತು ಮತ್ತೆ ಕೂರಬೇಕು ಎಂದು ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ; ಮೊದಲು ಎರಡೂ ಕೈ ಊರಿ, ರೂಢಿಯಾದಂತೆ ಒಂದೇ ಕೈ ಊರಿ.