ಹಳೆ ಜೋಡಿನಳಿಗೆ ಕೋವಿ: ರೇಟು ಕಟ್ಟುವ ಮೊದಲು ನಾನು ನೋಡಿದ್ದು

ಚನ್ನಗಿರಿ, ಹೊಳಲ್ಕೆರೆ ಕಡೆ ತೋಟದವರು ಕೋವಿಗೆ ಹೆಚ್ಚು ದುಡ್ಡು ಸುರಿಯುವುದು ಆತುರಕ್ಕೆ. ಅರ್ಜಿ ಹಾಕಿ, ಪೊಲೀಸ್ ವರದಿ ಮುಗಿದು, ಡಿ.ಸಿ. ಕಚೇರಿಯಿಂದ ಲೈಸೆನ್ಸ್ ಬರುವವರೆಗೂ ಯಾವ ಕೋವಿ ಎಂದು ಯೋಚಿಸಿರುವುದಿಲ್ಲ. ಬಂದ ಮೇಲೆ ಖರೀದಿಯ ಗಡುವು ತಲೆಮೇಲೆ ಕೂತಿರುತ್ತದೆ, ಅಂಗಡಿಯವರು ಹೇಳಿದ್ದೇ ರೇಟು. ಹಾಗಾಗಿ ಅರ್ಜಿ ಇನ್ನೂ ಕಚೇರಿಯಲ್ಲಿರುವಾಗಲೇ ವಿಚಾರಿಸಲು ಶುರುಮಾಡಿದೆ.

ಅದಕ್ಕೂ ಮೊದಲು ಮನೆಯೊಳಗೆ ಕೇಳಿ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅದನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ. ವಾರಸುದಾರರು ಲೈಸೆನ್ಸಿಗೆ ಅರ್ಹರಾಗಿರಬೇಕು, ಅಷ್ಟೇ. ಅಜ್ಜನ ಕೋವಿ ಬೀರುವಿನಲ್ಲಿರುವಾಗ ಹೊರಗೆ ಹೋಗಿ ಕೊಳ್ಳುವುದೇಕೆ?

ಕೊಳ್ಳಲೇಬೇಕಾದರೆ ಮೊದಲು ಹೊಸ ಭಾರತೀಯ ಡಿಬಿಬಿಎಲ್‌ಗೆ (ಹಿಂದಿನಿಂದ ತೋಟಾ ತುಂಬುವ ಜೋಡಿನಳಿಗೆ ಕೋವಿಗೆ) ಎರಡು ಮೂರು ಡೀಲರುಗಳಿಂದ ಬರವಣಿಗೆಯಲ್ಲಿ ಕೊಟೇಶನ್ ತೆಗೆದುಕೊಳ್ಳಿ. ಜಿಎಸ್‌ಟಿ ಬೇರೆಯಾಗಿ ಕಾಣಬೇಕು. ಹಳೆಯ ಕೋವಿಯ ರೇಟನ್ನು ಅಳೆಯಲು ಇದೇ ಗೆರೆ. ಈ ಗೆರೆ ದಾಟಿದ ರೇಟು ಹೇಳಿದರೆ ‘ಯಾಕೆ’ ಎಂದು ಕೇಳಿ. ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಫಾರಿನ್ ಮಾಲು ಸಾರ್.’

ವೆಬ್ಲಿ ಅಂಡ್ ಸ್ಕಾಟ್, ಗ್ರೀನರ್, ಬಿ.ಎಸ್.ಎ. ಎಂಬ ಇಂಗ್ಲಿಷ್ ಕಂಪನಿಗಳ ಹೆಸರಿಗೆ ಬೆಲೆ ಬಂದದ್ದು ಗುಣಮಟ್ಟದಿಂದ ಮಾತ್ರವಲ್ಲ. ವ್ಯಾಪಾರಕ್ಕೆ ವಿದೇಶಿ ಕೋವಿ ತರಿಸುವುದು 1980ರ ದಶಕದಲ್ಲಿ ನಿಂತುಹೋಯಿತು. ಕೈಯಿಂದ ಕೈಗೆ ದಾಟುತ್ತಿರುವುದು ಅದಕ್ಕೂ ಹಿಂದಿನ ಮಾಲು. ನಳಿಗೆಯ ಮೇಲೆ ಕೆತ್ತಿದ ಹೆಸರು ಸಾಕ್ಷಿಯೂ ಅಲ್ಲ, ಅದನ್ನು ಯಾರು ಬೇಕಾದರೂ ಕೆತ್ತಬಹುದು. ನಳಿಗೆ ಬಿಚ್ಚಿ, ಬುಡದ ಕೆಳಗಿನ ಚಪ್ಪಟೆ ಭಾಗದಲ್ಲಿರುವ ಪರೀಕ್ಷಾ ಮುದ್ರೆ ನೋಡಿ. 1954ರ ನಂತರದ ಬರ್ಮಿಂಗ್‌ಹ್ಯಾಮ್ ಮುದ್ರೆಯಲ್ಲಿ ಕಿರೀಟದ ಕೆಳಗೆ ‘ಬಿಎನ್‌ಪಿ’ ಎಂದಿರುತ್ತದೆ, ಅಂದರೆ ಇವತ್ತಿನ ತೋಟಾದಲ್ಲಿ (ಕಾರ್ಟ್ರಿಜ್‌ನಲ್ಲಿ) ಇರುವ ಹೊಗೆರಹಿತ ಮದ್ದಿಗೆ ಪರೀಕ್ಷೆಯಾದ ನಳಿಗೆ. ಮೈಮೇಲೆ ಸುರುಳಿ ಸುರುಳಿ ಗೆರೆಯಿರುವ ಡಮಾಸ್ಕಸ್ ನಳಿಗೆ ನೋಡಲು ಚೆಂದ, ಆದರೆ ಅವುಗಳಲ್ಲಿ ಹೆಚ್ಚಿನವು ಕರಿಮದ್ದಿನ ಕಾಲದವು. ಇವತ್ತಿನ ತೋಟಾ ಹಾಕಿದರೆ ಸಿಡಿಯಬಹುದು. ಗೋಡೆಗೆ ತೂಗುಹಾಕುವ ಮಾಲಿಗೆ ನಾನಂತೂ ಕೋವಿಯ ರೇಟು ಕೊಡುವುದಿಲ್ಲ.

ಆಮೇಲೆ ಚೇಂಬರ್, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು ಎರಡೂವರೆ ಇಂಚಿನವು, ಅಂದರೆ 65 ಮಿ.ಮೀ. ತೋಟಾದವು. 70 ಮಿ.ಮೀ. ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಮೋಸವಿರುವುದೇ ಅಲ್ಲಿ. ಹಾರಿಸಿದಾಗ ತೋಟಾದ ತುದಿಯ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. 16 ಬೋರಿನ (ಬೋರ್ ಅಂದರೆ ನಳಿಗೆಯ ಒಳಗಲದ ಅಳತೆ) ಕೋವಿ ಅಗ್ಗಕ್ಕೆ ಸಿಕ್ಕರೂ ಬೇಡ. ತೋಟಾ ಹುಡುಕಿಕೊಂಡು ಊರೂರು ಅಲೆಯಬೇಕಾಗುತ್ತದೆ. 12 ಬೋರಿಗೆ ಆ ತೊಂದರೆಯಿಲ್ಲ.

ಕೋವಿ ಕೈಗೆ ಬಂದ ತಕ್ಷಣ ಕೀಲಿನಲ್ಲಿ ಬಗ್ಗಿಸಿ ತೆರೆದು, ಎರಡೂ ಚೇಂಬರ್ ಖಾಲಿಯೇ ಎಂದು ನಿಮ್ಮ ಕಣ್ಣಿಂದಲೇ ನೋಡಿ. ನಂತರ ನಳಿಗೆ ಬಿಚ್ಚಿ ಒಣಬಟ್ಟೆ ಎಳೆದು ಬೆಳಕಿಗೆ ಹಿಡಿಯಿರಿ. ಎಣ್ಣೆ ತುಂಬಿದ ನಳಿಗೆಯಲ್ಲಿ ತುಕ್ಕಿನ ಗುಳಿ ಕಾಣುವುದಿಲ್ಲ. ಒಳಗೆ ಉಂಗುರದಂತೆ ನೆರಳು ಕಂಡರೆ ಅಲ್ಲಿ ಉಬ್ಬಿದೆ: ಹಿಂದೊಮ್ಮೆ ಮಣ್ಣೋ ಬಟ್ಟೆಯ ಚೂರೋ ಸಿಕ್ಕಿಕೊಂಡಿದ್ದಾಗ ಹಾರಿಸಿದ್ದಾರೆ. ಅಲ್ಲಿಗೇ ಎದ್ದು ಬನ್ನಿ. ಚುನಾವಣೆ ಬಂದಾಗಲೆಲ್ಲ ಠಾಣೆಯ ಠೇವಣಿಗೆ ಹೋಗಿ ತಿಂಗಳುಗಟ್ಟಲೆ ಒರೆಸದೆ ಬಿದ್ದಿದ್ದ ಕೋವಿಗಳಲ್ಲಿ ಗುಳಿ ಜಾಸ್ತಿ. ನಳಿಗೆಯನ್ನು ಅದರ ಬುಡದ ಕೊಕ್ಕೆಯಿಂದ ತೂಗುಬಿಟ್ಟು ಬೆರಳಗಂಟಿನಿಂದ ತಟ್ಟಿ. ಗಂಟೆಯಂತೆ ನಾದ ಬಂದರೆ ಸರಿ, ಒಡಕು ಸದ್ದು ಬಂದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿರಬಹುದು.

ಮತ್ತೆ ಜೋಡಿಸಿ, ನಳಿಗೆಯ ಕೆಳಗಿನ ಮರ ಮಾತ್ರ ತೆಗೆದು ಅಲ್ಲಾಡಿಸಿ. ಮರ ಇದ್ದಾಗ ಬಿಗಿಯಾಗಿ ಕಾಣುವ ಕೋವಿ ಆಗ ಕೀಲಿನಲ್ಲಿ ಲೊಡಲೊಡ ಅನ್ನುತ್ತದೆ. ನಳಿಗೆಯ ಬುಡಕ್ಕೂ ಹಿಂದಿನ ಗೋಡೆಗೂ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಮುಚ್ಚಿ, ಹಿಡಿದುಕೊಳ್ಳಬೇಕು. ಸಲೀಸಾಗಿ ಜಾರಿದರೆ ಸವೆದಿದೆ, ಬಿಗಿ ಮಾಡಿಸುವ ಖರ್ಚನ್ನು ರೇಟಿನಿಂದ ಕಳೆಯಿರಿ. ಟ್ರಿಗರ್‌ಗೆ ಸಣ್ಣ ಸ್ಪ್ರಿಂಗ್ ತಕ್ಕಡಿ ಸಾಕು: ಒಂದೂವರೆಯಿಂದ ಎರಡು ಕೆ.ಜಿ. ಎಳೆತಕ್ಕೆ ಬಿಡಬೇಕು. ಒಂದು ಕೆ.ಜಿ.ಗೂ ಮೊದಲೇ ಬಿಟ್ಟರೆ ಅಪಾಯ. ಈ ಪರೀಕ್ಷೆಗೆ ಚೇಂಬರಿನಲ್ಲಿ ಡಮ್ಮಿ ತೋಟಾ ಇರಲಿ, ಬರಿದೇ ಬಡಿದರೆ ತೋಟಾಕ್ಕೆ ಬಡಿಯುವ ಹಳೆಯ ಪಿನ್ನು ಮುರಿಯಬಹುದು. ನಳಿಗೆಯ ಉದ್ದವನ್ನೂ ಅಳೆಯಿರಿ. 28 ಅಥವಾ 30 ಇಂಚು ಮಾಮೂಲು. ತುದಿಯಲ್ಲಿ ಎರಡು ನಳಿಗೆಗಳ ನಡುವೆ ಸಂದು ಕಂಡರೆ ಕತ್ತರಿಸಿರುವ ಸಾಧ್ಯತೆ ಹೆಚ್ಚು, ಕತ್ತರಿಸಿದ್ದರೆ ಚೋಕ್ (ಚರೆ ಹರಡದಂತೆ ನಳಿಗೆಯ ತುದಿಯನ್ನು ಕಿರಿದು ಮಾಡಿದ ಭಾಗ) ಹೋಗಿರುತ್ತದೆ. 20 ಇಂಚಿಗಿಂತ ಕಡಿಮೆಯಿದ್ದರೆ ಕಾನೂನಿನದೇ ತಕರಾರು.

ಖಾಲಿ ತೋಟಾವನ್ನು ತಾನೇ ಹೊರಗೆಸೆಯುವ ಇಜೆಕ್ಟರ್‌ಗೆ ಕೊಡುವ ಹೆಚ್ಚಿನ ದುಡ್ಡು ತೋಟ ಕಾಯುವವರಿಗೆ ದಂಡ. ತೋಟಕ್ಕೆ ನುಗ್ಗುವ ಹಂದಿಯನ್ನು ಬೆದರಿಸಲು ಬೇಕಾದದ್ದು ಸದ್ದು. ಲೈಸೆನ್ಸ್ ಇದೆಯೆಂದು ಹಂದಿಗೆ ಗುಂಡು ಹೊಡೆಯುವಂತೆಯೂ ಇಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು.

ಕಾಗದ ಪತ್ರ ಸರಿಯಿಲ್ಲದ ಕೋವಿ ಬಿಟ್ಟಿ ಸಿಕ್ಕರೂ ದುಬಾರಿ. ಆಕ್ಷನ್ (ಟ್ರಿಗರ್, ಬೀಗವಿರುವ ನಡುಭಾಗ), ನಳಿಗೆ, ಕೆಳಗಿನ ಮರದ ಕಬ್ಬಿಣ, ಮೂರರ ಮೇಲಿನ ನಂಬರೂ ಒಂದೇ ಇರಬೇಕು, ಮಾರುವವರ ಲೈಸೆನ್ಸಿನಲ್ಲೂ ಅದೇ ಇರಬೇಕು. ಆ ಲೈಸೆನ್ಸಿಗೆ ಯುಐಎನ್, ಅಂದರೆ ವಿಶಿಷ್ಟ ಗುರುತಿನ ಸಂಖ್ಯೆ, ಇದೆಯೇ ನೋಡಿ. ಖಾಸಗಿಯವರಿಂದ ಕೊಳ್ಳುವುದಾದರೆ, ಅವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಳೆಯದೆ ಕೋವಿ ಕೈ ಬದಲಾಗುವಂತಿಲ್ಲ. ಆ ಪತ್ರದ ಸ್ವೀಕೃತಿಯ ನಕಲು ಸಿಕ್ಕ ಮೇಲೆ ಸಣ್ಣ ಮುಂಗಡ, ಅದೂ ಬ್ಯಾಂಕ್ ಮೂಲಕ. ಬಾಕಿ ಹಣ, 45 ದಿನ ಕಳೆದು ಇಬ್ಬರ ಲೈಸೆನ್ಸಿನಲ್ಲೂ ನಮೂದಾಗುವ ದಿನ.