ಜಿಸಿಎಸ್‌ಇ ಲ್ಯಾಟಿನ್: 9ರಿಂದ 1ರ ಗ್ರೇಡ್ ಅರಿತು ತಯಾರಾಗುವ ಬಗೆ

ಇಂಗ್ಲೆಂಡಿನಲ್ಲಿ ಸುಮಾರು 16ನೇ ವಯಸ್ಸಿನಲ್ಲಿ ಬರೆಯುವ ಶಾಲಾ ಪರೀಕ್ಷೆ ಜಿಸಿಎಸ್‌ಇಯಲ್ಲಿ ಲ್ಯಾಟಿನ್ ಮತ್ತು ಪ್ರಾಚೀನ ಗ್ರೀಕ್‌ಗೆ 2018ರಿಂದ ಎ ಸ್ಟಾರ್, ಎ, ಬಿ ಎಂಬ ಅಕ್ಷರಗಳಿಲ್ಲ. 9ರಿಂದ 1ರವರೆಗಿನ ಅಂಕೆಗಳಿವೆ, 9 ಎಲ್ಲಕ್ಕೂ ಮೇಲು. ಕ್ಲಾಸಿಕಲ್ ಸಿವಿಲೈಸೇಷನ್ (ಪ್ರಾಚೀನ ಗ್ರೀಕ್-ರೋಮನ್ ನಾಗರಿಕತೆ) ಮತ್ತು ಪ್ರಾಚೀನ ಇತಿಹಾಸಕ್ಕೆ ಇದು ಬಂದದ್ದು 2019ರಲ್ಲಿ. ಮಗು ಯಾವ ಗ್ರೇಡ್‌ಗೆ ಗುರಿಯಿಡಬೇಕು ಎಂದು ತಿಳಿಯಲು ಮೊದಲು ಈ ಲೆಕ್ಕ ಅರ್ಥವಾಗಬೇಕು.

ಹಳೆಯದಕ್ಕೂ ಹೊಸದಕ್ಕೂ ಕೊಂಡಿಗಳು ಮೂರೇ. 7ರ ಕಟ್‌ಆಫ್ ಹಳೆಯ ಎ ಮಟ್ಟದಲ್ಲಿ, 4ರದ್ದು ಸಿ ಮಟ್ಟದಲ್ಲಿ, 1ರದ್ದು ಜಿ ಮಟ್ಟದಲ್ಲಿ ನಿಲ್ಲುತ್ತದೆ. 5 ಮತ್ತು 6ರ ಕಟ್‌ಆಫ್ ಬರುವುದು 4 ಮತ್ತು 7ರ ನಡುವಿನ ಅಂಕಗಳನ್ನು ಮೂರು ಸಮಪಾಲು ಮಾಡಿ. 8ರದ್ದು 7 ಮತ್ತು 9ರ ಸರಿಮಧ್ಯ. ಉದಾಹರಣೆಗೆ 200ಕ್ಕೆ 80 ಅಂಕ 4ಕ್ಕೂ 140 ಅಂಕ 7ಕ್ಕೂ ಗೊತ್ತಾದರೆ, 5ಕ್ಕೆ 100, 6ಕ್ಕೆ 120 ಬೇಕು. ಹಾಗಾಗಿ 8ನ್ನೇ ಎ ಸ್ಟಾರ್ ಎಂದು ಓದುವುದು ತಪ್ಪು. ಹಳೆಯ ಎ ಮತ್ತು ಎ ಸ್ಟಾರ್ ಎರಡೂ ಸೇರಿದ ಜಾಗವನ್ನು ಈಗ ಮೂರು ಗ್ರೇಡ್‌ಗಳು ಹಂಚಿಕೊಂಡಿವೆ.

‘ಲ್ಯಾಟಿನ್‌ನಲ್ಲಿ 9 ಬರುವುದೇ ಇಲ್ಲ’ ಎಂಬ ಭಯ ಅನೇಕ ಮನೆಗಳಲ್ಲಿದೆ. ಹೊಸ ಪದ್ಧತಿಯ ಮೊದಲ ವರ್ಷ ಬಳಸಿದ ಸೂತ್ರ ನೋಡಿದರೆ ಅದಕ್ಕೆ ಆಧಾರ ಸಿಗುವುದಿಲ್ಲ. ಗ್ರೇಡ್ 7 ಅಥವಾ ಮೇಲೆ ಪಡೆದವರ ಶೇಕಡಾವಾರು ಪ್ರಮಾಣದ ಅರ್ಧಕ್ಕೆ 7 ಕೂಡಿಸಿ; 7 ದಾಟಿದವರಲ್ಲಿ ಅಷ್ಟು ಶೇಕಡಾ ಮಂದಿಗೆ 9. ಒಂದು ವಿಷಯದಲ್ಲಿ ಶೇ 20 ಮಂದಿ 7 ದಾಟಿದರೆ ಅವರಲ್ಲಿ ಶೇ 17, ಅಂದರೆ ಒಟ್ಟಾರೆ ಶೇ 3.4 ಮಂದಿಗೆ 9. ಶೇ 60 ಮಂದಿ ದಾಟಿದರೆ ಅವರಲ್ಲಿ ಶೇ 37, ಒಟ್ಟಾರೆ ಶೇ 22ಕ್ಕೂ ಹೆಚ್ಚು. ಲ್ಯಾಟಿನ್ ಬರೆಯುವವರಲ್ಲಿ ಓದಿನಲ್ಲಿ ಮುಂದಿರುವವರೇ ಜಾಸ್ತಿ, ಆದ್ದರಿಂದ ಸೂತ್ರ ಇಲ್ಲಿ ಉದಾರವಾಗಿಯೇ ಕೆಲಸ ಮಾಡಿತು. ನಿಜವಾದ ಕಷ್ಟ ಬೇರೆ: ಪೈಪೋಟಿಯಲ್ಲಿರುವವರೆಲ್ಲ ಗಟ್ಟಿ, 7 ಮತ್ತು 9ರ ಮಧ್ಯೆ ಸಣ್ಣ ತಪ್ಪುಗಳೇ ಗ್ರೇಡ್ ನಿರ್ಧರಿಸುತ್ತವೆ.

ಆ ತಪ್ಪುಗಳು ಹೆಚ್ಚಾಗಿ ಸಿಗುವುದು ಭಾಷಾ ಪತ್ರಿಕೆಯಲ್ಲಿ. ಒಸಿಆರ್ ಎಂಬ ಪರೀಕ್ಷಾ ಮಂಡಳಿಯಲ್ಲಿ ಇದು ಒಂದೂವರೆ ಗಂಟೆಯ 100 ಅಂಕದ ಪತ್ರಿಕೆ, ಒಟ್ಟು ಫಲಿತಾಂಶದ ಅರ್ಧ. ಉಳಿದರ್ಧ ತಲಾ 50 ಅಂಕದ ಎರಡು ಪತ್ರಿಕೆಗಳಿಂದ. ಭಾಷಾ ಪತ್ರಿಕೆಯ ಅನುವಾದವೊಂದಕ್ಕೇ 50 ಅಂಕ. ಅದನ್ನು ತುಂಡುತುಂಡಾಗಿ, ತುಂಡಿಗೆ 5ರಂತೆ ತಿದ್ದುತ್ತಾರೆ. ಒಂದು ಸಣ್ಣ ತಪ್ಪಿದ್ದರೂ 5 ಸಿಗಬಹುದು. ಅರ್ಧಕ್ಕಿಂತ ಹೆಚ್ಚು ಸರಿಯಿದ್ದರೆ 3. ಖಾಲಿ ಬಿಟ್ಟರೆ ಐದೂ ಹೋಯಿತು. ಗೊತ್ತಿಲ್ಲದ ಪದ ಬಂದರೂ ವಾಕ್ಯದ ಉಳಿದ ಭಾಗ ಬರೆಯಲೇಬೇಕು.

ಅಭ್ಯಾಸಕ್ಕೆ ಕೂತಾಗ ಮೊದಲು ಕ್ರಿಯಾಪದ ಹುಡುಕಿ ಕಾಲ ಗುರುತಿಸಲಿ. ‘ವಿಡೆಟ್’ ಅಂದರೆ ನೋಡುತ್ತಾನೆ, ‘ವಿಡಿಟ್’ ಅಂದರೆ ನೋಡಿದ. ಒಂದೇ ಸ್ವರದ ವ್ಯತ್ಯಾಸ. ಆಮೇಲೆ ಪ್ರಥಮಾ ವಿಭಕ್ತಿಯ ಪದ, ಅದರ ನಂತರ ದ್ವಿತೀಯಾ. ‘ಪುಯೆಲ್ಲಾಮ್ ಸೆರ್ವುಸ್ ವಿಡಿಟ್’ ಎಂಬಲ್ಲಿ ನೋಡಿದವನು ಗುಲಾಮ, ಹುಡುಗಿಯಲ್ಲ. ಇಂಗ್ಲಿಷ್ ಪದಕ್ರಮದ ಅಭ್ಯಾಸದಿಂದ ಮಕ್ಕಳು ಇದನ್ನು ತಿರುಗಿಸಿಬಿಡುತ್ತಾರೆ. ‘ಹುಡುಗಿಯನ್ನು ಗುಲಾಮ ನೋಡಿದ’ ಎನ್ನುವ ನಮ್ಮ ಮಕ್ಕಳಿಗೆ ಇದು ಬೇಗ ಹಿಡಿಯುತ್ತದೆ, ಮನೆಯಲ್ಲಿ ಕನ್ನಡದಲ್ಲೇ ಬಿಡಿಸಿ ಹೇಳಿ. ಮಂಡಳಿ ಕೊಡುವ ಪದಪಟ್ಟಿಯನ್ನು ಅರ್ಥದ ಜೊತೆಗೆ ರೂಪಗಳ ಸಮೇತ ಕಲಿಯಬೇಕು. ಮೂಲರೂಪ ಮಾತ್ರ ಬಂದರೆ ಭೂತಕಾಲದಲ್ಲಿ ಆ ಪದವೇ ಗುರುತು ಸಿಗುವುದಿಲ್ಲ.

ಇದೇ ಪತ್ರಿಕೆಯಲ್ಲಿ 10 ಅಂಕಕ್ಕೆ ಆಯ್ಕೆ ಇದೆ: ವ್ಯಾಕರಣದ ಪ್ರಶ್ನೆಗಳು ಅಥವಾ ಇಂಗ್ಲಿಷಿನಿಂದ ಲ್ಯಾಟಿನ್‌ಗೆ ಅನುವಾದ. ಯಾವುದೆಂದು ತಿಂಗಳುಗಳ ಮೊದಲೇ ತೀರ್ಮಾನಿಸಿ. ಪರೀಕ್ಷೆಯ ಕೋಣೆಯಲ್ಲಿ ಎರಡನ್ನೂ ಓದುತ್ತ ಕೂತರೆ ಹೋಗುವುದು ಅನುವಾದದ ಸಮಯ.

ಸಾಹಿತ್ಯ ಪತ್ರಿಕೆಯಲ್ಲಿ ಅಂಕ ಸೋರುವುದು ಬಾಯಿಪಾಠದಿಂದ. ಇಂಗ್ಲಿಷ್ ಅನುವಾದ ಪೂರ್ತಿ ಕಂಠಸ್ಥವಾಗಿದ್ದರೂ, ಯಾವ ಲ್ಯಾಟಿನ್ ಪದ ಎಲ್ಲಿ ಕೂತು ಏನು ಪರಿಣಾಮ ಮಾಡುತ್ತದೆ ಎಂದು ಹೇಳದಿದ್ದರೆ ದೊಡ್ಡ ಪ್ರಶ್ನೆಗಳಲ್ಲಿ ಮೇಲಿನ ಹಂತ ಸಿಗುವುದಿಲ್ಲ. ಪದ, ಅದರ ಅರ್ಥ, ಪರಿಣಾಮ, ಈ ಮೂರೂ ಪ್ರತಿ ಅಂಶದಲ್ಲಿ ಇರಲಿ.

ಹಳೆಯ ಪ್ರಶ್ನೆಪತ್ರಿಕೆಗಳನ್ನು 2018ರಿಂದೀಚೆಗಿನವೇ ಆರಿಸಿಕೊಳ್ಳಿ. ಅದಕ್ಕೂ ಹಿಂದಿನವು ಅನುವಾದದ ರೂಢಿಗೆ ಆಗಬಹುದು, ಗ್ರೇಡ್ ಅಂದಾಜಿಗೆ ಆಗವು. ಕಟ್‌ಆಫ್ ಪ್ರತಿವರ್ಷ ಬದಲಾಗುತ್ತದೆ, ಪರೀಕ್ಷೆ ಮುಗಿದ ಮೇಲಷ್ಟೇ ಗೊತ್ತುಮಾಡುತ್ತಾರೆ. ಹಾಗಾಗಿ ಕಳೆದ ಕೆಲವು ವರ್ಷಗಳ ಪೈಕಿ ಅತಿ ಎತ್ತರದ ಕಟ್‌ಆಫ್‌ ಅನ್ನೇ ಗುರಿಯಾಗಿಡಿ.

ಫಲಿತಾಂಶದಲ್ಲಿ ಒಂದೆರಡು ಅಂಕದಿಂದ ಗ್ರೇಡ್ ತಪ್ಪಿದ್ದರೆ ಮರುಪರಿಶೀಲನೆ ಕೇಳಬಹುದು, ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಮೊದಲು ಉತ್ತರಪತ್ರಿಕೆಯ ಪ್ರತಿ ತರಿಸಿ ಲ್ಯಾಟಿನ್ ಶಿಕ್ಷಕರಿಗೆ ತೋರಿಸಿ. ಮರುಪರಿಶೀಲನೆಯಲ್ಲಿ ಅಂಕ ಇಳಿಯಲೂಬಹುದು, ಜೊತೆಗೆ ಗ್ರೇಡ್ ಕೂಡ.